ಬಂಗಾರದ ಬಣ್ಣದ ಮನೂಕ

ಕೋವಿಡ್ ಬರುವುದರ ಹಿಂದಿನ ವರ್ಷ ನಾನು ಸೊಲ್ಲಾಪುರದ ಚಿಂಚೋಳಿ ಎಂಐಡಿಸಿ ಕೈಗಾರಿಕಾ ವಸಾಹತಿನ ಒಂದು ಒಣದ್ರಾಕ್ಷಿ ಕಾರ್ಖಾನೆಯಲ್ಲಿ ಗಂಧಕದ ಕೋಣೆಯ ಮಿಸ್ತ್ರಿಯಾಗಿದ್ದೆ. ನಾನು ಐದನೇ ಇಯತ್ತೆಗೆ ಸಾಲಿ ಬಿಟ್ಟವನು. ಚೀಲ ಹೊರುವುದರಿಂದ ಶುರು ಮಾಡಿ, ಹನ್ನೊಂದು ವರ್ಷ ದುಡಿದು ಆ ಕೋಣೆಯ ಕೀಲಿ ಕೈಗೆ ಪಡೆದಿದ್ದೆ. ಯಾರ ಶಿಫಾರಸೂ ಇರಲಿಲ್ಲ.

ಆ ಕೋಣೆಯ ಕೆಲಸ ಏನೆಂದು ಮೊದಲು ಹೇಳುತ್ತೇನೆ. ದ್ರಾಕ್ಷಿ ಒಣಗಿದರೆ ತಾನಾಗಿಯೇ ಕಂದಾಗಿ ಕಪ್ಪಿಗೆ ತಿರುಗುತ್ತದೆ. ಪೇಟೆಗೆ ಬೇಕಾದದ್ದು ಬಂಗಾರದ ಬಣ್ಣ. ಅದಕ್ಕಾಗಿ ಹಣ್ಣಿನ ಟ್ರೇಗಳನ್ನು ಮುಚ್ಚಿದ ಕೋಣೆಯಲ್ಲಿಟ್ಟು ಗಂಧಕ ಸುಡುತ್ತಾರೆ. ಆ ಹೊಗೆಯೇ ಸಲ್ಫರ್ ಡೈಆಕ್ಸೈಡ್. ಪಾಕೀಟಿನ ಮೇಲೆ ಪ್ರಿಸರ್ವೇಟಿವ್ 220 ಎಂದು ಬರೆಯುವುದು ಇದನ್ನೇ. ಕಣ್ಣಿಗೆ ಕಾಣದಂತೆ ಅದು ಹಣ್ಣಿನೊಳಗೆ ಉಳಿಯುತ್ತದೆ. ಎಷ್ಟು ಉಳಿಯಬಹುದು ಎಂಬುದಕ್ಕೆ ಕಾಯ್ದೆಯ ಮಿತಿಯಿದೆ. ಇಷ್ಟು ಟ್ರೇಗೆ ಇಷ್ಟು ಗಂಧಕ ಎಂಬ ತಖ್ತೆ ಗೋಡೆಯ ಮೇಲಿತ್ತು, ಅದರ ಕೆಳಗೆ ತಕ್ಕಡಿಯೂ ಇತ್ತು. ಆ ತಕ್ಕಡಿಯನ್ನು ನಾನು ಮುಟ್ಟುತ್ತಿರಲಿಲ್ಲ. ನನಗೆ ಕಲಿಸಿದ ಹಿರಿಯ ಮಿಸ್ತ್ರಿಯದು ಬೊಗಸೆಯ ಅಳತೆ, ನನ್ನದೂ ಅದೇ. ಮೇಲೆ ಒಂದು ಹಿಡಿ ಹೆಚ್ಚಿಗೆ ಹಾಕುತ್ತಿದ್ದೆ, ಬಣ್ಣ ಏಳಲಿ ಎಂದು. ಕಾರ್ಖಾನೆಯ ಮಾಲೀಕ ಸೇಠರು ಗಿರಾಕಿಗಳನ್ನು ಕರೆತಂದು ಇವನ ಕೈಯ ಮಾಲು ನೋಡಿರಿ ಎನ್ನುತ್ತಿದ್ದರು. ಆ ಒಂದು ಮಾತಿನ ಮೇಲೆ ನಾನು ಎರಡು ಪಾಳಿ ಬೇಸರವಿಲ್ಲದೆ ದುಡಿಯುತ್ತಿದ್ದೆ.

ನನ್ನ ತಂಗಿ ಗೌರವ್ವನನ್ನು ದುಧನಿ ಊರಿಗೆ ಮದುವೆ ಮಾಡಿ ಕೊಟ್ಟಿತ್ತು. ಚಿಕ್ಕಂದಿನಿಂದಲೂ ಅವಳಿಗೆ ದಮ್ಮು, ಅಂದರೆ ಅಸ್ತಮಾ. ಅಪ್ಪ ಅವ್ವ ತೀರಿದ ಮೇಲೆ ಅವಳ ತವರು ಎಂದರೆ ವಿಜಾಪುರ ರಸ್ತೆಯಲ್ಲಿದ್ದ ನನ್ನ ಎರಡು ಖೋಲಿಯ ಮನೆ. ತಂಗಿಯ ಮನೆಗೆ ಬರಿಗೈಯಲ್ಲಿ ಹೋಗುವ ರೂಢಿ ನಮ್ಮಲ್ಲಿಲ್ಲ. ತವರಿನಿಂದ ಬಂದದ್ದನ್ನು ಬಾಯಿಗೆ ಹಾಕದೆ ಬದಿಗಿಡುವ ರೂಢಿ ಹೆಣ್ಣುಮಕ್ಕಳಿಗೂ ಇಲ್ಲ. ನಾನು ಪ್ರತಿ ಸಲ ಅರ್ಧ ಕಿಲೋ ಬಂಗಾರದ ಮನೂಕ ಒಯ್ಯುತ್ತಿದ್ದೆ. ಒಣದ್ರಾಕ್ಷಿಗೆ ನಮ್ಮ ಕಡೆ ಮನೂಕ ಅನ್ನುತ್ತಾರೆ. ಹಮಾಲರು ತಮ್ಮ ಮನೆಗೆ ಗಂಧಕ ಕಾಣದ ಕರಿಯ ಮಾಲನ್ನು ಒಯ್ಯುತ್ತಿದ್ದರು. ಅದನ್ನು ನಾನು ಕೈಯಿಂದಲೂ ಮುಟ್ಟಿದವನಲ್ಲ.

ನಾನು ಹೋದಾಗಲೆಲ್ಲ ಅವಳಿಗೆ ಕೆಮ್ಮು ಏಳುತ್ತಿತ್ತು. ರೈಲಿನ ಧೂಳು ನನ್ನ ಅಂಗಿಗೆ ಹತ್ತಿರಬೇಕು ಎಂದುಕೊಳ್ಳುತ್ತಿದ್ದೆವು. ಅವಳ ಗಂಡ ಮಲ್ಲಪ್ಪ ಚಾಷ್ಟಿಗಾರ.

"ಭಾವ ಬಂದಾ ಅಂದ್ರ ಇಕಿ ಉಸಿರು ಮ್ಯಾಲಕ್ಕ ಹೋಗ್ತದ ನೋಡ್ರಿ. ನಾ ಬಂದ್ರ ಒಂದ ದಿನಾನೂ ಹೋಗಿಲ್ಲ," ಅಂದಿದ್ದ.

ನಾವೆಲ್ಲ ನಕ್ಕೆವು. ಅವಳೂ ಕೆಮ್ಮುತ್ತಲೇ ನಕ್ಕಳು.

ಆ ವರ್ಷ ಭಾವಬೀಜದ ದಿನ, ದೀಪಾವಳಿಯಲ್ಲಿ ತಂಗಿ ಅಣ್ಣನಿಗೆ ಆರತಿ ಎತ್ತುವ ದಿನ, ಬೆಳಗಿನ ರೈಲಿಗೆ ದುಧನಿಗೆ ಹೋದೆ. ಆರತಿಯಾದ ಮೇಲೆ ಬಟ್ಟೆಯ ಚೀಲ ಬಿಚ್ಚಿ ಅವಳ ಮುಂದಿಟ್ಟೆ. ಹಬ್ಬಕ್ಕೆಂದೇ ನಾನು ಕೈಯಾರೆ ಹೊಗೆ ಕೊಟ್ಟ ಮಾಲು ಅದು. ಗೌರವ್ವ ಒಂದು ಕಾಳು ಎತ್ತಿ ಮತ್ತೆ ಚೀಲಕ್ಕೇ ಹಾಕಿದಳು.

"ಅಣ್ಣಾ, ಮುಂದಿನ ಸಲ ಆ ಕರೇವು ತೊಗೊಂಡ್ ಬಾರೋ. ಅವು ಭಾಳ ಸಿಹಿ ಇರ್ತಾವ."

"ಹಮಾಲರು ಒಯ್ಯೂದು ನನ್ನ ತಂಗಿಗಿ ತರ್ಲೇನು? ಮಂದಿ ಏನಂದಾರು?"

ಅವಳು ಒಂದು ಹಿಡಿ ತೆಗೆದುಕೊಂಡು, ನನ್ನ ಮುಖ ನೋಡುತ್ತ, ಒಂದೊಂದಾಗಿ ತಿಂದಳು.

ಅರ್ಧ ತಾಸಿನಲ್ಲಿ ಅವಳ ಎದೆ ಸೀಟಿ ಹೊಡೆಯತೊಡಗಿತು. ಬಾಯಿಗೆ ಹಿಡಿಯುವ ಪಂಪಿಗೆ ಬಗ್ಗಲಿಲ್ಲ. ಮಲ್ಲಪ್ಪ ಜೀಪು ತಂದ, ಅಕ್ಕಲಕೋಟೆಯ ದವಾಖಾನೆಗೆ ಒಯ್ದೆವು. ಡಾಕ್ಟರು ಆಕ್ಸಿಜನ್ ಹಚ್ಚಿಸಿ, ಇಂಜೆಕ್ಷನ್ ಕೊಟ್ಟು, ಏನು ತಿಂದಿದ್ದಾಳೆ ಎಂದು ಕೇಳಿದರು. ಗಡಿಬಿಡಿಯಲ್ಲಿ ಆ ಚೀಲ ನನ್ನ ಕೈಯಲ್ಲೇ ಉಳಿದಿತ್ತು. ಅವರು ನಾಲ್ಕು ಕಾಳು ತೆಗೆದು ಮೂಸಿ ನೋಡಿದರು.

"ಇದಕ್ಕ ಗಂಧಕ ಕೊಟ್ಟಾರೇನು?"

"ನಾನ ಕೊಟ್ಟೀನ್ರಿ."

"ಎಷ್ಟು?"

ಹನ್ನೊಂದು ವರ್ಷ ದುಡಿದು ಮಿಸ್ತ್ರಿಯಾದವನು ನಾನು. ನನ್ನ ಹತ್ತಿರ ಅಂಕಿ ಇರಲಿಲ್ಲ. ಎರಡೂ ಕೈ ಕೂಡಿಸಿ ಬೊಗಸೆ ಮಾಡಿ ತೋರಿಸಿದೆ.

ಹೊತ್ತು ಮುಳುಗುವುದರೊಳಗೆ ಗೌರವ್ವ ಹೋದಳು.

ಡಾಕ್ಟರು ಆಮೇಲೆ ನನ್ನನ್ನು ಕೂಡಿಸಿಕೊಂಡು ತಿಳಿಸಿ ಹೇಳಿದರು. ಇದು ಎಲ್ಲರಿಗೂ ಆಗುವುದಿಲ್ಲ. ದಮ್ಮು ಇದ್ದವರಲ್ಲಿಯೂ ಕೆಲವರಿಗಷ್ಟೇ ಈ ಗಂಧಕದ ಅಂಶ ಶ್ವಾಸನಾಳವನ್ನು ಬಿಗಿಯುತ್ತದೆ. ಪಟಾಕಿಯ ಹೊಗೆಯೂ ಇತ್ತು, ಥಂಡಿಯೂ ಇತ್ತು. ಇದೊಂದರಿಂದಲೇ ಆಯಿತೆಂದು ಹೇಳಲು ಬರುವುದಿಲ್ಲ. ಅವರು ಸಮಾಧಾನಕ್ಕೆ ಹೇಳಿದ್ದು. ನನಗೆ ಸಮಾಧಾನವಾಗಲಿಲ್ಲ.

ದಿನಕರ್ಮದ ದಿನ ತೀರಿದವರಿಗೆ ಇಷ್ಟವಾದದ್ದನ್ನು ಎಡೆ ಇಡುತ್ತಾರೆ. ಅವಳ ಮಗಳು ರುಕ್ಮಿಣಿ ಡಬ್ಬಿಯಿಂದ ಕರಿಯ ಮನೂಕ ತೆಗೆದು ಬಾಳೆಎಲೆಗೆ ಹಾಕಿದಳು. ಇವು ಎಲ್ಲಿಂದ ಬಂದವು ಎಂದು ಕೇಳಿದೆ.

"ಅವ್ವ ಸಂತ್ಯಾಗ ತಾನ ಕೊಳ್ತಿದ್ಲು, ಮಾವಾ. ಬಂಗಾರದವು ತಿಂದ್ರ ಗಂಟಲಾ ಹಿಡೀತಾವ ಅಂತಿದ್ಲು. ನೀ ಬಂದಾಗಷ್ಟ ತಿಂತಿದ್ಲು."

ನಾನು ಮರುವಾರ ಕೆಲಸಕ್ಕೆ ಹೋಗಿ ತಕ್ಕಡಿಯ ಧೂಳು ಒರೆಸಿದೆ. ತಖ್ತೆಯ ಪ್ರಕಾರ ತೂಗಿ ನೋಡಿದರೆ, ಬೇಕಾದದ್ದು ನನ್ನ ಬೊಗಸೆಯ ಅರ್ಧಕ್ಕಿಂತ ಸ್ವಲ್ಪ ಮೇಲೆ ಅಷ್ಟೇ. ಆ ಹಂಗಾಮು ಪೂರ್ತಿ ತೂಗಿಯೇ ಹಾಕಿದೆ. ಬಣ್ಣ ಇಳಿದಿದೆ ಎಂದು ಸೇಠರು ಗೊಣಗಿದರು. ಹಂಗಾಮು ಮುಗಿದ ದಿನ ಕೀಲಿ ಅವರ ಮೇಜಿನ ಮೇಲಿಟ್ಟು ಬಂದೆ.

ಈಗ ಕಿರಾಣಿ ಅಂಗಡಿಗೆ ಹೋದರೆ ಪಾಕೀಟು ತಿರುವಿ ಹಿಂದಿನ ಸಣ್ಣ ಅಕ್ಷರ ನೋಡುತ್ತೇನೆ. ನನಗೆ ಇಂಗ್ಲಿಷ್ ಬಾರದು, ಅಂಕಿ ಬರುತ್ತವೆ. ಗಂಧಕದ ಅಂಶಕ್ಕೆ 220ರಿಂದ 228ರವರೆಗಿನ ನಂಬರುಗಳು. ಒಣಹಣ್ಣಿನಲ್ಲಷ್ಟೇ ಅಲ್ಲ, ಕೆಲವು ಶರಬತ್ತಿನಲ್ಲಿ, ಬಿಸ್ಕೀಟಿನಲ್ಲಿಯೂ ಇರುತ್ತವೆ. ಮನೆಯಲ್ಲಿ ದಮ್ಮಿನವರಿದ್ದರೆ ಡಾಕ್ಟರನ್ನು ಕೇಳಿರಿ, ಆ ನಂಬರು ಕಂಡರೆ ಪಾಕೀಟು ತಿರುಗಿ ಇಟ್ಟುಬಿಡಿರಿ. ಚೀಲದಲ್ಲಿ ಬಿಡಿಯಾಗಿ ಬಂದದ್ದಕ್ಕೆ ನಂಬರೂ ಇರುವುದಿಲ್ಲ, ಮಾಡಿದವನನ್ನೇ ಕೇಳಬೇಕು.

ಮಾಡಿದವನು ತಿನ್ನುವವರ ಮಾತು ಕೇಳಬೇಕು. ಕೆಲಸ ನನಗೆ ಕಲಿಸಿದ್ದು ಇದೊಂದೇ, ಅದೂ ತಡವಾಗಿ. ನನ್ನ ತಂಗಿ ಬಾಯಿ ಬಿಟ್ಟು ಕೇಳಿದ್ದು ಒಂದು ಹಿಡಿ ಕರಿಯ ಮನೂಕ. ಅವು ನನ್ನ ಕಾರ್ಖಾನೆಯ ಮೂಲೆಯಲ್ಲಿ ರಾಶಿ ಬಿದ್ದಿರುತ್ತಿದ್ದವು.