ಚಹಾ ಬರುವವರೆಗೆ ಇಂಗ್ಲಿಷ್ ಇಲ್ಲ

"ಅ ಹೇನ್, ಅ ಡೋ, ಅ ಟ್ರೀ..." ಸಾಲಾಗಿ ನಿಂತ ಮಕ್ಕಳು ಒಬ್ಬೊಬ್ಬರಾಗಿ ಎಣಿಕೆ ಕೂಗುತ್ತಿದ್ದರು. ಮಲಯಾಳಿ ಹುಡುಗ, ಫಿಲಿಪ್ಪೀನ್ಸಿನ ಅವಳಿಗಳು, ಈಜಿಪ್ಟಿನ ಹುಡುಗಿ, ಕೊನೆಗೆ ನನ್ನ ಮಗಳು ದೀಕ್ಷಾ. ನಾವು ಬಹರೈನಿಗೆ ಬಂದ ಹೊಸತು. ಅದು ಅರಬ್ಬಿಯೇ ಇರಬೇಕು, ಇಷ್ಟು ಬೇಗ ಕಲಿತಳಲ್ಲ ಎಂದು ನಾನು ಹಿಗ್ಗಿ ಹೇಳಿದೆ. ಪಕ್ಕದಲ್ಲಿದ್ದ ಅರಬ್ ತಾಯಿ ನಕ್ಕುಬಿಟ್ಟಳು. ಅದು ಐರಿಷ್ ಅಂತೆ, ಐರ್ಲೆಂಡಿನವರ ಹಳೆಯ ನುಡಿಯಂತೆ. ಸುತ್ತ ಮರಳು, ನಡುವೆ ಪೈಪಿನ ನೀರಲ್ಲಿ ಜೀವ ಹಿಡಿದ ಹುಲ್ಲು, ಅದರ ಮೇಲೆ ಐರಿಷ್! ಎಂಥ ಊರಿಗೆ ಬಂದೆನಪ್ಪಾ ಅನ್ನಿಸಿತು.

ಅವಳನ್ನು ಆ ಚೆಂಡಾಟದ ಕ್ಲಬ್ಬಿಗೆ ಸೇರಿಸಿದ್ದು ಒಂಟಿತನ ತಾಳಲಾರದೆ. ನಮ್ಮೂರು ಕಟಪಾಡಿಯಲ್ಲಿ ಒಲೆಯ ಮೀನಿನ ವಾಸನೆ ಹಿಡಿದೇ ಪಕ್ಕದ ಮನೆಯವರು "ಇವತ್ತು ಬಂಗುಡೆಯಾ?" ಎಂದು ಕೇಳುತ್ತಾರೆ. ಇಲ್ಲಿ ಗುಫೂಲ್ ಬಡಾವಣೆಯ ಫ್ಲಾಟಿನಲ್ಲಿ ಅದೇ ವಾಸನೆಗೆ ಎದುರಿನವರು ಕಿಟಕಿ ಮುಚ್ಚುತ್ತಾರೆ. ನಮ್ಮನೆಯವರು ಕಂಪೆನಿ ಬಸ್ಸು ಹತ್ತಿ ಸಿತ್ರಾದ ಕೆಲಸಕ್ಕೆ ಹೋದ ಮೇಲೆ ನನಗೆ ಮಾತಿಗೆ ಸಿಗುವುದು ಕೋಲ್ಡ್ ಸ್ಟೋರಿನವನೊಬ್ಬನೇ. ಇಲ್ಲಿ ದಿನಸಿ ಅಂಗಡಿಗೆ ಹಾಗೆನ್ನುತ್ತಾರೆ; ಅವನೊಡನೆ ನನ್ನ ಹರಕು ಹಿಂದಿ. ದೀಕ್ಷಾ ವರ್ಷದೊಳಗೆ ಶಾಲೆಯ ಇಂಗ್ಲಿಷನ್ನು ಮನೆಗೂ ತಂದಳು. ಊರಿನಿಂದ ಅಮ್ಮ ವಿಡಿಯೊ ಕಾಲ್ ಮಾಡಿ ತುಳುವಿನಲ್ಲಿ "ವನಸ್ ಆಂಡಾ ಮಗಾ?" ಎಂದು ಊಟ ವಿಚಾರಿಸಿದರೆ, "ಯೆಸ್ ಅಜ್ಜಿ" ಎಂದು ಫೋನು ನನ್ನ ಕೈಗಿತ್ತು ಓಡುತ್ತಿದ್ದಳು. ಅಮ್ಮನ ಮುಖ ಸಣ್ಣದಾಗುವುದನ್ನು ನೋಡಿ ನನಗೆ ಸಂಕಟವಾಗುತ್ತಿತ್ತು.

ಕ್ಲಬ್ಬಿನ ಚರಿತ್ರೆ ಹೇಳಿದ್ದು ಕೋಚ್ ಪಾಡ್ರಿಗ್, ತಲೆ ನೆರೆತ ಐರಿಷ್ ಮನುಷ್ಯ. ಅವರು ಪ್ರಾಯದಲ್ಲಿ ಕೆಲಸಕ್ಕೆ ಬಂದಾಗ ನಾಲ್ಕಾರು ಐರಿಷ್ ಸಂಸಾರಗಳು ಶುಕ್ರವಾರ ಇಲ್ಲಿಯ ಜಿಂಜ್ ಬಡಾವಣೆಯ ಒಂದು ಮನೆಯಲ್ಲಿ ತಮ್ಮ ನುಡಿ ಉಳಿಸಲು ಮಕ್ಕಳನ್ನು ಕೂಡಿಸುತ್ತಿದ್ದವಂತೆ. ಕಟ್ಟಳೆ ಒಂದೇ: ಚಹಾ ಬರುವವರೆಗೆ ಇಂಗ್ಲಿಷ್ ಇಲ್ಲ, ಆಡಿದವರಿಗೆ ಬಿಸ್ಕತ್ತಿಲ್ಲ. ಆಮೇಲೆ ಚೆಂಡು ಬಂತು, ಚೆಂಡಿನ ಹಿಂದೆ ಬೇರೆ ದೇಶಗಳ ಮಕ್ಕಳು ಬಂದರು. ಐರಿಷ್ ಸಂಸಾರಗಳು ಒಂದೊಂದಾಗಿ ಮರಳಿದವು. ಕ್ಲಬ್ಬು ಬೆಳೆಯಿತು, ಭಾಷೆ ಬಡವಾಯಿತು. ಈಗ ಉಳಿದಿರುವುದು ಆ ಎಣಿಕೆ, ಮತ್ತೆ ಶಾಭಾಸ್ ಎನ್ನುವ "ಮಾ ಹೂ".

"ನಿಮ್ಮ ಮಕ್ಕಳು ಆಡುತ್ತಾರಾ?" ಎಂದು ಕೇಳಿದೆ.

"ಅವರು ಐರ್ಲೆಂಡಿನಲ್ಲೇ ಇದ್ದಾರೆ. ಫೋನ್ ಮಾಡುವುದು ಇಂಗ್ಲಿಷಿನಲ್ಲಿ," ಎಂದರು ಪಾಡ್ರಿಗ್. "ನಿಮ್ಮ ಮನೆಯಲ್ಲಿ ಚಹಾಕ್ಕೆ ಮೊದಲು ಯಾವ ಭಾಷೆ?"

ಮರುದಿನವೇ ಮನೆಯಲ್ಲಿ ಆ ಕಟ್ಟಳೆ ತಂದೆ.

"ಚಾ ಆಗುವವರೆಗೆ ತುಳು ಮಾತ್ರ. ಗೊತ್ತಾಯ್ತಾ?"

ದೀಕ್ಷಾ ತುಟಿ ಬಿಚ್ಚಲಿಲ್ಲ. ಚಾ ಆಯಿತು, ಆರಿತು, ಅವಳು ಬಿಸ್ಕತ್ತಿಗೆ ಕೈಯನ್ನೂ ಚಾಚಲಿಲ್ಲ.

"ಎಂತ ಮಾರಾಯ್ತಿ, ಇಷ್ಟು ಹಠ?"

"ಹಠ ಅಲ್ಲ ಮಮ್ಮಿ. ನಂಗೆ ತುಳು ವರ್ಡ್ಸೇ ಬರೂದಿಲ್ಲ."

ಅವಳ ಕಣ್ಣು ತುಂಬಿತ್ತು. ನನಗೆ ಸಿಟ್ಟು ಬಂತು, ಯಾರ ಮೇಲೆಂದು ತಿಳಿಯಲಿಲ್ಲ. ಪಾತ್ರೆಗಳ ಮೇಲೆ ತೀರಿಸಿಕೊಂಡೆ.

ಕಳೆದ ಶುಕ್ರವಾರ ಅಮ್ಮ ಕಾಲ್ ಮಾಡಿದಾಗ ದೀಕ್ಷಾ ಓಡಲಿಲ್ಲ. ಅಜ್ಜಿಗೆ ಏನಾದರೂ ಕೊಡಬೇಕು ಅನ್ನಿಸಿತೋ ಏನೋ, ಕ್ಲಬ್ಬಿನ ಸಾಲಿನಲ್ಲಿ ನಿಂತಂತೆ ನೆಟ್ಟಗೆ ನಿಂತು ಹತ್ತರವರೆಗೆ ಐರಿಷಿನಲ್ಲಿ ಎಣಿಸಿದಳು. ಅಮ್ಮ ಚಪ್ಪಾಳೆ ತಟ್ಟಿ, ಒಳಗಿದ್ದ ನನ್ನ ತಮ್ಮನ ಹೆಂಡತಿಯನ್ನು ಕೂಗಿದರು.

"ಬಾ ಇಲ್ಲಿ, ನನ್ನ ಪುಳ್ಳಿ ದೀಕ್ಷಾಗೆ ಅರಬ್ಬಿ ಬಂತು!"

ಆಮೇಲೆ ನನಗೆ ತಗ್ಗಿದ ದನಿಯಲ್ಲಿ ಹೇಳಿದರು: "ನಮ್ಮದು ಬಾರದಿದ್ದರೆ ಬೇಡ ಮಗಾ. ಆ ಊರಿನದ್ದಾದರೂ ಬಂತಲ್ಲ. ಇನ್ನು ಅವಳು ಅಲ್ಲಿಯವಳಾದಳು. ನನ್ನ ಹೆದರಿಕೆ ಹೋಯ್ತು."

ಇದು ಈ ಊರಿನದ್ದೂ ಅಲ್ಲಮ್ಮ ಎನ್ನಲು ಬಾಯಿ ತೆರೆದೆ. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದರು.

"ಹೌದಮ್ಮ," ಎಂದೆ.