ರಜೆಯಲ್ಲಿ ಕೊಂಡ ಮನೆ

ಗ್ರಂಥಾಲಯದ ನೆಲಮಾಳಿಗೆಯಲ್ಲಿ ಕುಳಿತು ಮೂವತ್ತೊಂದು ವರ್ಷ ಪ್ರಬಂಧಗಳಿಗೆ ರಟ್ಟು ಹಾಕಿದ ಬೈಂಡರನನ್ನು ವಿಶ್ವವಿದ್ಯಾಲಯದಲ್ಲಿ ಎಲ್ಲರೂ ಗೋಂದಪ್ಪ ಎನ್ನುತ್ತಿದ್ದರು. ಸೇವಾಪುಸ್ತಕದಲ್ಲಿ ಅವನಿಗೆ ಬೇರೆ ಹೆಸರಿತ್ತು. ಅದನ್ನು ಕೂಗಿದರೆ ಅವನೇ ತಿರುಗಿ ನೋಡುತ್ತಿರಲಿಲ್ಲ. ಬೆರಳ ತುದಿಗಳಲ್ಲಿ ಒಣಗಿದ ಅಂಟಿನ ಪೊರೆ, ಕಿವಿಯ ಹಿಂದೆ ಪೆನ್ಸಿಲು. ಅಂಚು ಕೂದಲೆಳೆಯಷ್ಟು ಓರೆಯಾದರೂ ದಾರ ಬಿಚ್ಚಿ ಮತ್ತೆ ಹೊಲಿಯುವ ಮನುಷ್ಯ. ಅಂಥವನು ಮನೆ ಕೊಳ್ಳುವಾಗ ಹೇಗೆ ಎಡವಿದ ಎಂಬುದನ್ನು ಜನ ತಮಗೆ ತೋಚಿದಂತೆ ಹೇಳುತ್ತಾರೆ. ದಲ್ಲಾಳಿ ಟೋಪಿ ಹಾಕಿದ ಎನ್ನುವವರಿದ್ದಾರೆ. ಅಕ್ಕನ ಹಟಕ್ಕೆ ಮಣಿದ ಎನ್ನುವವರೂ ಇದ್ದಾರೆ. ಎರಡೂ ಪೂರ್ತಿ ಸರಿಯಲ್ಲ. ನಡೆದದ್ದು ನಡೆದ ಹಾಗೆ ಹೇಳುವುದು ಒಳ್ಳೆಯದು.

ಅಕ್ಕ ಅವನಿಗಿಂತ ಒಂಬತ್ತು ವರ್ಷ ದೊಡ್ಡವಳು. ತಾಯಿ ತೀರಿಕೊಂಡಾಗ ಇವನಿಗೆ ಏಳು, ಅವಳಿಗೆ ಹದಿನಾರು. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಗುಂಡಿ ಹೊಲಿದು ತಮ್ಮನನ್ನು ಓದಿಸಿದಳು. ಮೂವತ್ತರ ಹೊತ್ತಿಗೆ ಕಣ್ಣು ಮಂಜಾಗತೊಡಗಿ, ನಲವತ್ತಕ್ಕೆ ಬೆಳಕೂ ಕಾಣದಾಯಿತು. ಆದರೆ ಅವಳನ್ನು ಕುರುಡಿ ಎಂದು ಕರೆಯುವ ಧೈರ್ಯ ಯಾರಿಗೂ ಇರಲಿಲ್ಲ. ಕೋಲಿನ ಕಬ್ಬಿಣದ ತುದಿಯನ್ನು ನೆಲಕ್ಕೆ ಕುಟ್ಟಿ, ಮರುದನಿ ಕೇಳಿ, ಗೋಡೆ ಎಲ್ಲಿ ಮುಗಿಯಿತು, ಗೇಟು ಎಲ್ಲಿ ತೆರೆದಿದೆ, ಎದುರಿಗೆ ನಿಂತವನು ದಪ್ಪಗಿದ್ದಾನೋ ಸಣ್ಣಗಿದ್ದಾನೋ ಎಂಬುದನ್ನೂ ಹೇಳುತ್ತಿದ್ದಳು. ಹಳೇ ಪೇಟೆಯ ಬಾಡಿಗೆ ಮನೆಯಲ್ಲಿದ್ದ ಇಪ್ಪತ್ತಾರು ವರ್ಷವೂ ದಿನ ಬೆಳಿಗ್ಗೆ ಒಬ್ಬಳೇ ಹೋಗಿ ಹಾಲು ಬ್ರೆಡ್ಡು ತಂದಳು; ದಾರಿಯಲ್ಲಿ ಉದ್ಯಾನದ ಬೆಂಚಿನ ಮೇಲೆ ಅರ್ಧ ಗಂಟೆ ಹರಟೆಯನ್ನೂ ಹೊಡೆದಳು.

ಆ ಮನೆಯನ್ನು ಕೆಡವುವುದಾಗಿ ಮಾಲೀಕರು ನೋಟಿಸು ಕೊಟ್ಟರು. ಅವಧಿ ಒಂದು ವರ್ಷ.

ಅಂದು ಅಕ್ಕ ಹೇಳಿದ ಮಾತು ಗೋಂದಪ್ಪನ ಎದೆಯಲ್ಲಿ ಹಾಗೇ ಕೂತುಬಿಟ್ಟಿತು.

"ನೋಡೋ, ಈ ಬೀದಿ ಕಲಿಯೋಕೆ ನನಗೆ ನಾಲ್ಕು ತಿಂಗಳು ಹಿಡೀತು. ಆಗ ವಯಸ್ಸಿತ್ತು. ಈಗ ಅರವತ್ತೇಳು. ಇನ್ನೊಂದು ಬೀದಿ ಕಲಿತೀನಿ, ಆಗಲ್ಲ ಅನ್ನಲ್ಲ. ಆದ್ರೆ ಒಂದೇ. ಮತ್ತೆ ಎಬ್ಬಿಸಿದ್ರೆ ನನ್ನ ಕೈಲಾಗಲ್ಲ."

"ಎಬ್ಬಿಸೋರು ಯಾರೂ ಇರದ ಹಾಗೆ ಸ್ವಂತದ್ದೇ ಕೊಳ್ಳೋಣ ಕಣಕ್ಕ."

"ಕೈ ಹಿಡಿಸಿಕೊಂಡು ನಡೆಯೋ ದಿನ ಬಂತು ಅಂದ್ರೆ ನನ್ನ ಕತೆ ಮುಗೀತು ಅಂತಲೇ ತಿಳ್ಕೋ. ಅದನ್ನ ನೆನಪಿಟ್ಟುಕೊಂಡು ಕೊಳ್ಳು."

ಇನ್ನು ಗೋಂದಪ್ಪನ ಕೆಲಸದ ವಿಚಾರ. ಪ್ರಬಂಧಗಳು ತರಗತಿ ಮುಗಿಯುವ ಕೊನೆಯ ಒಂಬತ್ತು ವಾರಗಳಲ್ಲಿ ಒಟ್ಟಿಗೆ ಬಂದು ಬೀಳುತ್ತವೆ. ಆಗ ಅವನಿಗೆ ತಲೆ ತುರಿಸಿಕೊಳ್ಳಲೂ ಪುರುಸೊತ್ತಿಲ್ಲ. ಕೊನೆಯ ಪ್ರಬಂಧಕ್ಕೆ ಚಿನ್ನದ ಅಕ್ಷರ ಒತ್ತಿ ಕಳಿಸಿದ ಮೇಲೆ, ಎಂದರೆ ದೊಡ್ಡ ರಜೆ ಶುರುವಾದ ಮೇಲೆ, ಅವನ ರಜೆ. ಮೂವತ್ತೊಂದು ವರ್ಷದಲ್ಲಿ ಈ ಕ್ರಮ ಒಮ್ಮೆಯೂ ತಪ್ಪಿರಲಿಲ್ಲ. ಆದ್ದರಿಂದ ಮನೆ ಹುಡುಕಾಟವೂ ರಜೆಯಲ್ಲೇ ನಡೆಯಿತು.

ದಲ್ಲಾಳಿಯ ಬೂಟು ಕಿರುಗುಡುತ್ತಿತ್ತು. ಅಕ್ಕ ಅವನಿಗೆ ಮೊದಲ ದಿನವೇ ಕಿರ್ರಪ್ಪ ಎಂದು ಹೆಸರಿಟ್ಟಳು. ಅವನು ಇವರಿಬ್ಬರನ್ನೂ ಊರೆಲ್ಲ ಸುತ್ತಿಸಿದ. ಪ್ರಾಧ್ಯಾಪಕರು ವಾಸಿಸುವ ಗುಡ್ಡದ ಬಡಾವಣೆಯಲ್ಲಿ ಬೀದಿಯಿಂದ ಬಾಗಿಲಿಗೆ ಎಪ್ಪತ್ತನಾಲ್ಕು ಮೆಟ್ಟಿಲು. ರೈಲು ನಿಲ್ದಾಣದ ಹಿಂಭಾಗದಲ್ಲಿ ಕಾಲುದಾರಿಯೇ ಇಲ್ಲ. ಊರ ಹೊರಗಿನ ಹೊಸ ಬಡಾವಣೆಯಲ್ಲಿ ಅಕ್ಕ ಕೋಲು ಕುಟ್ಟಿ, ಮರುದನಿಗೆ ಕಿವಿಗೊಟ್ಟು, "ಇಲ್ಲಿ ಗೋಡೆಗಳೆಲ್ಲ ದೂರ. ನನ್ನನ್ನ ಮೈದಾನದಲ್ಲಿ ಬಿಟ್ಟ ಹಾಗಿದೆ" ಎಂದಳು.

ವಿಶ್ವವಿದ್ಯಾಲಯದ ಪಶ್ಚಿಮ ದ್ವಾರದ ಬೀದಿಗೆ ಬಂದಾಗ ಅವಳ ಮುಖ ಅರಳಿತು. ಕಿರಿದಾದ ಬೀದಿ, ಎರಡೂ ಕಡೆ ಒತ್ತೊತ್ತಾದ ಇಟ್ಟಿಗೆ ಕಟ್ಟಡಗಳು, ನೊಣ ಹಾರಿದರೆ ಕೇಳಿಸುವಷ್ಟು ಮೌನ. ಹದಿನಾಲ್ಕು ಫ್ಲ್ಯಾಟುಗಳ ಕಟ್ಟಡ. ಮೊದಲ ಮಹಡಿಯಲ್ಲಿ ಎರಡು ಕೋಣೆಯದು ಖಾಲಿ ಇತ್ತು. ಮೊಗಸಾಲೆಯುದ್ದಕ್ಕೂ ಕಬ್ಬಿಣದ ಕಂಬಿ. ಬಾಗಿಲಿನಿಂದ ಬ್ರೆಡ್ಡಿನ ಅಂಗಡಿಗೆ ಇನ್ನೂರ ಹನ್ನೆರಡು ಹೆಜ್ಜೆ. ಅಕ್ಕ ಎರಡು ಸಲ ಎಣಿಸಿದಳು, ಒಂದು ಸಲ ತಮ್ಮನನ್ನು ಬಿಟ್ಟು ಒಬ್ಬಳೇ ಹೋಗಿ ಬಂದಳು.

"ಇದೇ ಕಣೋ. ಪ್ರತಿ ಗೋಡೆಯೂ ಉತ್ತರ ಕೊಡ್ತಿದೆ."

ಗೋಂದಪ್ಪ ಕೇಳಬೇಕಾದ ಪ್ರಶ್ನೆಯನ್ನು ಕೇಳಿಯೇ ಕೇಳಿದ. ಇದನ್ನು ಗಮನಿಸಬೇಕು. "ಇಲ್ಲಿ ಯಾವಾಗ್ಲೂ ಹೀಗೇ ಇರುತ್ತಾ?"

"ಸಾರ್, ನಾನು ಬಾಯಲ್ಲಿ ಹೇಳೋದೇನು? ನೀವೇ ಮೂರು ಸಲ ಬಂದು ನೋಡಿದೀರಿ. ಅಮ್ಮನೋರು ಎಣಿಸೂ ನೋಡಿದ್ರು" ಎಂದ ದಲ್ಲಾಳಿ. ಅದರಲ್ಲಿ ಒಂದು ಸುಳ್ಳೂ ಇರಲಿಲ್ಲ. ಸುಳ್ಳು ಹೇಳದೆ ಮೋಸ ಮಾಡುವವರಿಗೆ ಯಾವ ಕಾನೂನೂ ಶಿಕ್ಷೆ ಇಟ್ಟಿಲ್ಲ ಎಂಬುದು ನಾಚಿಕೆಗೇಡು.

ಗೋಂದಪ್ಪನ ತಪ್ಪನ್ನೂ ಮುಚ್ಚಿಡಬೇಕಾಗಿಲ್ಲ. ವಿಶ್ವವಿದ್ಯಾಲಯದ ವರ್ಷ ಯಾವಾಗ ಉಬ್ಬುತ್ತದೆ, ಯಾವಾಗ ಇಳಿಯುತ್ತದೆ ಎಂಬುದು ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಆದರೆ ಅವನು ಬೆಳಿಗ್ಗೆ ಎಂಟಕ್ಕೆ ಪೂರ್ವದ ಬಾಗಿಲಿನಿಂದ ನೆಲಮಾಳಿಗೆಗೆ ಇಳಿದು ಸಂಜೆ ಅದೇ ಬಾಗಿಲಲ್ಲಿ ಏರಿ ಮನೆಗೆ ಹೋಗುವವನು. ವಿದ್ಯಾರ್ಥಿಗಳು ಅವನ ಪಾಲಿಗೆ ಕಾಗದದ ಕಟ್ಟುಗಳಾಗಿ ಬರುತ್ತಿದ್ದರು. ಪ್ರತಿ ಕಟ್ಟಿನ ಹಿಂದೆ ಎರಡು ಕಾಲು, ಒಂದು ಸೈಕಲ್ಲು, ಒಂದು ಗಂಟಲು ಇದೆ ಎಂಬುದು ಅವನಿಗೆ ಹೊಳೆಯಲಿಲ್ಲ. ಕೂಡಿಟ್ಟದ್ದೆಲ್ಲವನ್ನೂ ಸುರಿದು ಸಹಿ ಹಾಕಿದ.

ಐದು ವಾರ ಅಕ್ಕ ರಾಣಿಯ ಹಾಗೆ ಓಡಾಡಿದಳು. ಆರನೆಯ ವಾರ ತರಗತಿ ಶುರುವಾಯಿತು.

ಹದಿನಾಲ್ಕರಲ್ಲಿ ಹನ್ನೊಂದು ಫ್ಲ್ಯಾಟುಗಳು ವಿದ್ಯಾರ್ಥಿಗಳಿಗೆ ಬಾಡಿಗೆಗೆ ಹೋಗುವಂಥವು ಎಂಬುದು ಆಗ ತಿಳಿಯಿತು. ಮೊಗಸಾಲೆಯ ಕಂಬಿಗೆ ಸಾಲಾಗಿ ಸೈಕಲ್ಲುಗಳ ಸರಪಣಿ ಬಿತ್ತು. ಬೀದಿಯ ಕಾಲುದಾರಿಗೆ ಚಹದಂಗಡಿಗಳ ಮೇಜುಗಳು ಇಳಿದವು. ಕಿಟಕಿಗೊಂದು ಹಾಡು, ಮೆಟ್ಟಿಲಿಗೊಂದು ಗುಂಪು, ಸದ್ದಿಲ್ಲದೆ ಸುಳಿಯುವ ವಿದ್ಯುತ್ ಸ್ಕೂಟರುಗಳು. ಮೊದಲ ದಿನ ಅಕ್ಕ ಎಂಬತ್ತು ಹೆಜ್ಜೆ ಹೋಗಿ ವಾಪಸು ಬಂದಳು.

"ಎಲ್ಲಾ ಗೋಡೆಗಳೂ ಒಟ್ಟಿಗೇ ಮಾತಾಡ್ತಿವೆ ಕಣೋ. ಯಾವುದು ಎಲ್ಲಿದೆ ಅಂತಲೇ ತಿಳೀಲಿಲ್ಲ."

ನಾಲ್ಕನೆಯ ದಿನ ಸೈಕಲ್ಲಿನ ಪೆಡಲಿಗೆ ಎಡವಿ ಬಿದ್ದು ಮಣಿಕಟ್ಟು ಉಳುಕಿಸಿಕೊಂಡಳು. ವಿದ್ಯಾರ್ಥಿಗಳು ಕೆಟ್ಟವರಲ್ಲ, ಓಡಿ ಬಂದು ಎತ್ತಿದರು. ಪಕ್ಕದ ಫ್ಲ್ಯಾಟಿನ ಹುಡುಗಿಗಂತೂ ಅಳುವೇ ಬಂದಿತ್ತು. "ಅಜ್ಜಿ, ಇನ್ಮೇಲೆ ನಾನೇ ಕೈ ಹಿಡಿದು ಕರ್ಕೊಂಡು ಹೋಗ್ತೀನಿ, ಎಲ್ಲಿಗೆ ಬೇಕಾದ್ರೂ."

"ನಿನ್ನ ಕೈ ನಿನ್ನ ಹತ್ರಾನೇ ಇರಲಿ ಮಗಳೇ, ಪರೀಕ್ಷೆ ಬರೆಯೋಕೆ ಬೇಕು" ಎಂದು ಅಕ್ಕ ನಕ್ಕಳು. ಬಾಗಿಲು ಹಾಕಿದ ಮೇಲೆ ನಗಲಿಲ್ಲ.

ಗೋಂದಪ್ಪ ಮಾಲೀಕರ ಸಭೆಗೆ ಹೋದ. ಸೈಕಲ್ಲುಗಳನ್ನು ಕೆಳಗೆ ಇಡಿಸಿ, ಕಂಬಿಯನ್ನಷ್ಟೇ ತೆರವು ಮಾಡಿ ಎಂದು ಕೈಜೋಡಿಸಿ ಕೇಳಿದ. ಮಾಲೀಕರಲ್ಲಿ ಹೆಚ್ಚಿನವರು ಗುಡ್ಡದ ಬಡಾವಣೆಯವರು. ಆ ಮೊಗಸಾಲೆಯಲ್ಲಿ ವರ್ಷಕ್ಕೊಮ್ಮೆಯೂ ನಡೆದವರಲ್ಲ. ಕೆಳಗೆ ಅವರ ಕಾರುಗಳಿಗೆ ಜಾಗ ಕಾದಿರಿಸಲಾಗಿತ್ತು. ಅಧ್ಯಕ್ಷ ಕನ್ನಡಕ ಒರೆಸುತ್ತ, "ಹಿರಿಯರೇ, ಕೊಳ್ಳೋ ಮುಂಚೆ ನೀವು ನೋಡಿರಲಿಲ್ವಾ?" ಎಂದ. ಇಬ್ಬರು ಕಿಸಕ್ಕೆಂದರು. ಗೋಂದಪ್ಪ ಎದ್ದು ಹೊರಬಂದ. ನೋಡಿದ್ದನಲ್ಲ, ಮೂರು ಸಲ.

ಮಾರಿಬಿಡೋಣ ಎಂದು ಅವನು ಅಕ್ಕನ ಮುಂದೆ ಒಮ್ಮೆ ಬಾಯಿ ತೆರೆದ.

"ಒಂದೇ ಬೀದಿ ಅಂದಿದ್ದೆ" ಎಂದಳು ಅವಳು. ಅಷ್ಟೇ.

ಕೋಲು ಬಾಗಿಲ ಹಿಂದಿನ ಮೊಳೆಗೆ ಸೇರಿತು. ಅಕ್ಕ ಕಿಟಕಿಯ ಬಳಿ ಕುಳಿತಿರುತ್ತಿದ್ದಳು. ಹಾಲು ಬ್ರೆಡ್ಡು ಅವನೇ ತರತೊಡಗಿದ. ಕಾರ್ಯಾಗಾರದ ಗೋಡೆಯ ಕ್ಯಾಲೆಂಡರಿನಲ್ಲಿ ರಜೆಯ ಮೊದಲ ದಿನಕ್ಕೆ ಪೆನ್ಸಿಲಿನಿಂದ ಸುತ್ತು ಹಾಕಿ, ಪ್ರತಿ ಸಂಜೆ ಅವಳಿಗೆ ಒಪ್ಪಿಸುತ್ತಿದ್ದ: ಇನ್ನು ಹನ್ನೊಂದು ವಾರ ಅಕ್ಕ, ಇನ್ನು ಆರು, ಇನ್ನು ಎರಡು. ಅವಳು "ಹೂಂ" ಎನ್ನುತ್ತಿದ್ದಳು. ಆ ವರ್ಷದ ಪ್ರಬಂಧಗಳನ್ನು ಅವನು ಹಲ್ಲುಕಚ್ಚಿ ಕಟ್ಟಿದ. ಮೂರು ಓರೆಯಾದವು, ಬಿಚ್ಚಲಿಲ್ಲ.

ರಜೆ ಬಂತು. ಸೈಕಲ್ಲುಗಳು ಹೋದವು, ಮೇಜುಗಳು ಒಳಸೇರಿದವು, ಬೀದಿ ತೊಳೆದಿಟ್ಟ ಹಾಗಾಯಿತು. ಗೋಂದಪ್ಪ ಕೋಲಿನ ಧೂಳು ಒರೆಸಿ ಅವಳ ಕೈಗೆ ಕೊಟ್ಟ. "ಹೋಗಿ ಬಾ ಅಕ್ಕ. ನಾನು ಕೆಳಗಿನ ಬಾಗಿಲಲ್ಲೇ ಇರ್ತೀನಿ."

ಅವಳು ಕೋಲು ಕುಟ್ಟುತ್ತ ಹೊರಟಳು. ಮೊದಲ ಗೇಟು ದಾಟಿದಳು, ಎರಡನೆಯದು ದಾಟಿದಳು. ಮೂರನೆಯದರ ಮುಂದೆ ನಿಂತಳು. ಕುಟ್ಟಿದಳು. ತಲೆ ಓರೆ ಮಾಡಿ ಕಿವಿಗೊಟ್ಟಳು. ಮತ್ತೆ ಕುಟ್ಟಿದಳು. ಬೀದಿಯಲ್ಲಿ ಆ ಸದ್ದು ಬಿಟ್ಟು ಬೇರೇನೂ ಇರಲಿಲ್ಲ. ಕೊಂಡ ದಿನ ಇದ್ದಷ್ಟೇ ಮೌನ; ತಿಂಗಳುಗಟ್ಟಲೆ ಒಳಗೇ ಕುಳಿತಿದ್ದವಳ ಕಿವಿಗೆ ಮಾತ್ರ ಗೋಡೆಗಳ ಉತ್ತರ ತಿಳಿಯಲಿಲ್ಲ.

ಬಾಗಿಲಲ್ಲಿ ನಿಂತವನು ಕಾದ. ಅವಳು ಮುಂದಕ್ಕೆ ಒಂದು ಹೆಜ್ಜೆ ಇಟ್ಟು, ಹಿಂದಕ್ಕೆ ತೆಗೆದು, ಕೋಲನ್ನು ಕಂಕುಳಲ್ಲಿ ಇರುಕಿಕೊಂಡಳು. ಆಮೇಲೆ ಅವನಿದ್ದ ದಿಕ್ಕಿಗಲ್ಲ, ಅದಕ್ಕಿಂತ ಸ್ವಲ್ಪ ಬಲಕ್ಕೆ, ಕೈ ಚಾಚಿದಳು.

"ಬಾರೋ. ಕೈ ಹಿಡ್ಕೋ."