ಗುಡಿಯ ಹಿಂದಿನ ಬಯಲು

ಹಾನಗಲ್ಲ ಸೀಮೆಯ ನಮ್ಮೂರಿಗೆ ಜನ ಹಳೆಯ ಕಲ್ಲುಗುಡಿ ನೋಡಲು ಬರುತ್ತಿದ್ದರು. ಸವಣೂರಿನಲ್ಲಿ ದೊಡ್ಡಹುಣಸೆ ಮರ ನೋಡಿ, ಅಲ್ಲಿಯ ಎಲೆ ಅಡಿಕೆ ಹಾಕಿಕೊಂಡು, ಮಧ್ಯಾಹ್ನದ ಬಸ್ಸಿಗೆ ಇಲ್ಲಿ ಇಳಿಯುವರು. ಮಂಟಪದ ಛತ್ತಿನ ಕಮಲ ನೋಡಿ ಕತ್ತು ಹಿಡಿಸಿಕೊಂಡು ಹೋಗುವರು. ನಮ್ಮ ಓಣಿಯ ಹೆಂಗಸರಿಗೆ ಗುಡಿಯ ಉಪಯೋಗ ಬೇರೆ ಇತ್ತು. ಅದರ ಹಿಂದಿನ ಗೋಡೆ ಎತ್ತರ, ಗೋಡೆಯಾಚೆ ಜಾಲಿಕಂಟಿ. ಬೆಳಕು ಹರಿಯುವ ಮುಂಚೆ ತಂಬಿಗೆ ಹಿಡಿದು ನಾವು ಹೋಗುತ್ತಿದ್ದುದು ಅಲ್ಲಿಗೆ. ಕಟ್ಟಿಸಿದ ರಾಜ ಯಾರೋ ಗೊತ್ತಿಲ್ಲ. ಗೋಡೆ ಎತ್ತರ ಮಾಡಿಸಿದ್ದಕ್ಕೆ ಅವನ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿತ್ತು.

ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ, ರಾಜ್ಯ ನೋಡಲು ಇನ್ನೂ ಹೆಚ್ಚು ಜನ ಬರಲಿ ಎಂದು ಸರ್ಕಾರದವರು ಹೊರಟರು. ಜಾಲಿ ಕಡಿದು, ತಂತಿಬೇಲಿ ಹಾಕಿ, ಹೂದೋಟ ಮಾಡುತ್ತೇವೆ ಎಂದು ಗೂಟ ಹೊಡೆದರು. ಬೇಲಿ ಬಂದರೆ ನಮಗೆ ಉಳಿಯುವುದು ಡಾಂಬರು ರಸ್ತೆಯಾಚೆಗಿನ ಕೆರೆ ಏರಿ. ಅಲ್ಲಿ ಗಂಡಸರು ಕೂಡುತ್ತಿದ್ದರು. ನನ್ನ ನೆಗೆಣ್ಣಿ, ಮೈದುನನ ಹೆಂಡತಿ, ಆಗ ಮೂರನೆಯದಕ್ಕೆ ಏಳು ತಿಂಗಳ ಬಸುರಿ.

"ಅಕ್ಕಾ, ನಾ ಹ್ಯಾಂಗ ಅಷ್ಟು ದೂರ ಹೋಗ್ಲಿ?" ಎಂದವಳು ಅಂದಿನಿಂದ ಊಟವನ್ನೇ ಕಡಿಮೆ ಮಾಡಿದಳು.

ಜೀಪಿನಲ್ಲಿ ಸಾಹೇಬರೊಬ್ಬರು ಬಂದು ಮಂಟಪದಲ್ಲಿ ಊರನ್ನೆಲ್ಲ ಕೂಡಿಸಿದರು. ಬರುವವರಿಗೆ ಏನೇನು ಅನುಕೂಲ ಬೇಕು ಎಂದು ಕೇಳಿದರು. ಆಚಾರ್ಯರು ಸ್ಥಳಪುರಾಣದ ಫಲಕ ಬೇಕೆಂದರು. ಶಾಲೆಯ ಮಾಸ್ತರರು ಕಮಾನು ಬೇಕೆಂದರು. ಯಾರೋ ಚಹಾದಂಗಡಿ ಎಂದರು.

"ಹೆಣ್ಮಕ್ಕಳದೇನರ ಐತೇನ್ರಿ?" ಎಂದರು ಸಾಹೇಬರು.

ಅತ್ತೆ ನನ್ನ ಸೊಂಟ ಚಿವುಟಿದಳು. ನಾನು ಎದ್ದು ನಿಂತೆ.

"ನೀವು ಗೂಟಾ ಹೊಡದ ಜಾಗಾ ನಮ್ಮ ಸಂಡಾಸರಿ. ಗುಡಿ ನೋಡಾಕ ಬರೋ ಹೆಣ್ಮಕ್ಕಳಿಗೂ ಹೊಟ್ಟಿ ಇರತೈತಿ. ಮೊದ್ಲ ಅದನ್ನ ಕಟ್ಟಸ್ರಿ."

ಗಂಡಸರೆಲ್ಲ ತಲೆ ಎತ್ತಿ ಛತ್ತಿನ ಕಮಲ ನೋಡಿದರು. ಇಡೀ ಊರು ಒಟ್ಟಿಗೆ ಶಿಲ್ಪಕಲೆ ನೋಡಿದ್ದು ಅದೇ ಮೊದಲು.

"ಯವ್ವಾ, ಇದು ಸಾವಿರ ವರ್ಷದ ಗುಡಿ," ಎಂದರು ಮಾಸ್ತರರು. "ಇಲ್ಲೆ ಅದೇನ್ ಮಾತು?"

"ಸಾವಿರ ವರ್ಷನೂ ಹೆಂಗಸ್ರು ಹೋಗ್ಯಾರಲ್ರಿ ಮಾಸ್ತರ."

ಸಾಹೇಬರು ಬರೆದುಕೊಂಡರು. ಬೇಲಿಯ ಕೆಲಸಕ್ಕೆ ಬಂದ ಗೌಂಡಿಗಳೇ ಒಂದು ಮೂಲೆಯಲ್ಲಿ ಎರಡು ಸಂಡಾಸು ಕಟ್ಟಿದರು. 'ಪ್ರವಾಸಿಗರಿಗೆ ಮಾತ್ರ' ಎಂದು ಹಲಗೆ ಬಡಿದು ಬೀಗ ಹಾಕಿದರು. ಬೀಗದ ಕೈ ಇದ್ದದ್ದು ಗುಡಿಯ ಕಾವಲುಗಾರನ ಹತ್ತಿರ, ಹಂಸಭಾವಿ ಕಡೆಯವನು. ನೆಗೆಣ್ಣಿಯನ್ನು ಕರೆದುಕೊಂಡು ಅವನಲ್ಲಿಗೆ ಹೋದೆ.

"ಇದು ಪ್ರವಾಸಿಗರಿಗರಿ ಅಕ್ಕಾರ."

"ಪ್ರವಾಸಿಗರು ಅಂದ್ರ ಯಾರಪಾ?"

"ಬುಕ್ಕಿನ್ಯಾಗ ಹೆಸರು ಬರದಾವ್ರು."

"ಹಂಗಾರ ಬುಕ್ ತಾ."

ನನಗೆ ಎರಡನೆಯ ಇಯತ್ತೆಯ ಅಕ್ಷರ ಬರುತ್ತಿತ್ತು. ನೆಗೆಣ್ಣಿಯ ಹೆಸರು ಬರೆದೆ. ಎಲ್ಲಿಂದ ಬಂದಿರಿ ಎಂಬಲ್ಲಿ 'ಹಿಂದಿನ ಓಣಿ' ಎಂದು ಹಾಕಿದೆ. ಅವನು ಎರಡು ಸಲ ಓದಿದ. ತಪ್ಪು ಸಿಗಲಿಲ್ಲ, ಬೀಗ ತೆಗೆದ. ನೆಗೆಣ್ಣಿ ಅವತ್ತು ಎರಡು ರೊಟ್ಟಿ ಹೆಚ್ಚು ಉಂಡಳು.

ಮರುದಿನದಿಂದ ಓಣಿಯವರೆಲ್ಲ ಸಾಲಾಗಿ ನಿಂತು ಹೆಬ್ಬೆಟ್ಟು ಒತ್ತಿದರು. ಹೆಸರು ನಾನು ಬರೆಯುತ್ತಿದ್ದೆ. 'ಅಭಿಪ್ರಾಯ' ಎಂಬ ಕಾಲಮಿನಲ್ಲಿ ಹಿಂದೆ ಬಂದವರು 'ಅದ್ಭುತ', 'ಅತಿ ಸುಂದರ' ಎಂದೆಲ್ಲ ಬರೆದಿದ್ದರು. ನೀರನ್ನು ನಾವು ಬಾವಿಯಿಂದ ಹೊರಬೇಕಿತ್ತು. ಹಾಗಾಗಿ ಪ್ರತಿ ಹೆಬ್ಬೆಟ್ಟಿನ ಮುಂದೆಯೂ 'ನೀರಿಲ್ಲ' ಎಂದು ಬರೆದೆ.

ಮಳೆಗಾಲ ಮುಗಿದ ಮೇಲೆ ಸಾಹೇಬರು ತಿರುಗಿ ಬಂದರು. ಬುಕ್ ತೆರೆದು ಬಹಳ ಹೊತ್ತು ಪುಟ ತಿರುವಿದರು.

"ಇಷ್ಟು ಮಂದಿ ಗುಡಿ ನೋಡಾಕ ಬಂದಿದ್ರೇನು?"

ಕಾವಲುಗಾರ ನನ್ನ ಮುಖ ನೋಡಿದ.

"ದಿನಾ ಬರ್ತಾರ್ರಿ," ಎಂದೆ.

ನೆಗೆಣ್ಣಿ ಕಂಕುಳಲ್ಲಿ ಕೂಸು, ಕೈಯಲ್ಲಿ ತಂಬಿಗೆ ಹಿಡಿದು ಸಂಡಾಸಿನ ಮುಂದೆ ನಿಂತಿದ್ದಳು. ಸಾಹೇಬರು ಆ ಕಡೆ ಒಮ್ಮೆ ನೋಡಿದರು. ಕೊನೆಯ ಪುಟಕ್ಕೆ ರುಜು ಹಾಕಿ, "ಇದು ತುಂಬೇತಿ, ಇನ್ನೊಂದು ಬುಕ್ ತರಸು," ಎಂದು ಕಾವಲುಗಾರನಿಗೆ ಹೇಳಿ ಜೀಪು ಹತ್ತಿದರು.

ತಿಂಗಳೊಳಗೆ ನಳ ಬಂತು. ಹೊಸ ಬುಕ್ಕಿನಲ್ಲಿ ನಾನು 'ಒಳಗಿನ ಚಿಲಕ ಸಡಿಲ' ಎಂದು ಬರೆಯತೊಡಗಿದೆ.